ನಡಿಗೆಯನ್ನು ಅಳೆದವರು ಮನಸ್ಸನ್ನು ಕೇಳಲಿಲ್ಲ

ಸರ್ಕಾರಿ ಸೇವೆಯಲ್ಲಿದ್ದ ಮೂವತ್ತಕ್ಕೂ ಹೆಚ್ಚು ವರ್ಷಗಳಲ್ಲಿ ಅಂಗವಿಕಲರಿಗೆ ಪ್ರಮಾಣಪತ್ರ ವಿತರಿಸುವ ಶಿಬಿರಗಳನ್ನು ನಾನು ಹಲವು ಸಲ ಉದ್ಘಾಟಿಸಿದ್ದೇನೆ. ತಾಲ್ಲೂಕು ಕೇಂದ್ರದ ಶಾಲೆಯ ಮೈದಾನದಲ್ಲಿ ಶಾಮಿಯಾನ, ಮೇಜಿನ ಹಿಂದೆ ಇಬ್ಬರೋ ಮೂವರೋ ವೈದ್ಯರು, ಎದುರಿಗೆ ಬೆಳಗಿನ ಬಸ್ಸಿನಲ್ಲಿ ಬಂದಿಳಿದವರ ಉದ್ದನೆಯ ಸಾಲು. 1995ರ ಕಾಯ್ದೆ ಜಾರಿಯಲ್ಲಿದ್ದ ಕಾಲವದು. ಅದು ಗುರುತಿಸುತ್ತಿದ್ದುದು ಏಳೇ ಬಗೆಯ ಅಂಗವೈಕಲ್ಯಗಳನ್ನು. ಅಂಥ ಒಂದು ಶಿಬಿರದಲ್ಲಿ ಮೂವತ್ತೈದರ ಆಸುಪಾಸಿನ ಹೆಣ್ಣುಮಗಳೊಬ್ಬಳು ಮೇಜಿನ ಮುಂದೆ ನಿಂತು, ಮಧ್ಯಾಹ್ನವಾಗುತ್ತಲೇ ತನ್ನ ಕಾಲು ಮಾತು ಕೇಳುವುದಿಲ್ಲವೆಂದೂ ಕಣ್ಣು ಮಸುಕಾಗುತ್ತದೆಂದೂ ಕಾರಣವಿಲ್ಲದೆ ಅಳು ಬರುತ್ತದೆಂದೂ ಹೇಳಿಕೊಂಡಳು. ವೈದ್ಯರು ಆಕೆಯನ್ನು ಮೇಲಿನಿಂದ ಕೆಳಗಿನವರೆಗೆ ನೋಡಿ, ‘ನಡೆದುಕೊಂಡೇ ಬಂದಿದ್ದೀಯಲ್ಲಮ್ಮ’ ಎಂದರು. ಸಾಲಿನಲ್ಲಿದ್ದವರು ನಕ್ಕರು. ನಾನೂ ನಕ್ಕೆ.

ಆಕೆಯ ಕಾಯಿಲೆ ಏನಿತ್ತೆಂಬುದು ನನಗೆ ಇಂದಿಗೂ ತಿಳಿದಿಲ್ಲ. ಆದರೆ ಆ ನಗೆಯನ್ನು ಮರೆಯಲು ಸಾಧ್ಯವಾಗದಂತೆ ಮಾಡಿದ ಸಂಗತಿಯೊಂದು ನಮ್ಮ ಕುಟುಂಬದಲ್ಲೇ ನಡೆಯಿತು. ಬಳ್ಳಾರಿಯಲ್ಲಿರುವ ನನ್ನ ತಂಗಿಯ ಮಗಳಿಗೆ 2016ರಲ್ಲಿ ಮಲ್ಟಿಪಲ್ ಸ್ಕ್ಲೆರೋಸಿಸ್ ಇರುವುದು ಪತ್ತೆಯಾಯಿತು. ಆಗ ಆಕೆಗೆ ಇಪ್ಪತ್ತೇಳು ವರ್ಷ. ಖಾಸಗಿ ಅನುದಾನರಹಿತ ಕಾಲೇಜೊಂದರಲ್ಲಿ ವಾಣಿಜ್ಯಶಾಸ್ತ್ರ ಬೋಧಿಸುತ್ತಿದ್ದಳು. ಮೊದಲು ಒಂದು ಕಣ್ಣು ಮಂಜಾಯಿತು. ಕೆಲವು ವಾರಗಳಲ್ಲಿ ತಾನಾಗಿ ತಿಳಿಯಾಯಿತು. ವರ್ಷದ ನಂತರ ಬಲಗಾಲು ಜೋಮು ಹಿಡಿಯಿತು. ಬೆಂಗಳೂರಿಗೆ ಕರೆತಂದು ಎಂಆರ್‌ಐ ಮಾಡಿಸಿದಾಗ ರೋಗದ ಹೆಸರು ತಿಳಿಯಿತು.

ಈ ರೋಗದ ಸ್ವರೂಪವನ್ನು ಓದುಗರಿಗೆ ಸಂಕ್ಷೇಪವಾಗಿ ಹೇಳುವುದು ಅಗತ್ಯ. ವಿದ್ಯುತ್ ತಂತಿಗೆ ರಬ್ಬರಿನ ಹೊದಿಕೆ ಇರುವಂತೆ ಮಿದುಳು ಹಾಗೂ ಬೆನ್ನುಹುರಿಯ ನರತಂತುಗಳಿಗೆ ಮಯಲಿನ್ ಎಂಬ ಕೊಬ್ಬಿನಂಶದ ಕವಚವಿದೆ. ದೇಹವನ್ನು ಕಾಯಬೇಕಾದ ರೋಗನಿರೋಧಕ ವ್ಯವಸ್ಥೆಯೇ ದಾರಿ ತಪ್ಪಿ ಈ ಕವಚದ ಮೇಲೆ ದಾಳಿ ಮಾಡುತ್ತದೆ. ದಾಳಿ ಎಲ್ಲಿ ನಡೆಯಿತೆಂಬುದನ್ನು ಅವಲಂಬಿಸಿ ಕಣ್ಣು, ಕಾಲು, ಮೂತ್ರಕೋಶ, ಮಾತು, ನೆನಪು ಹೀಗೆ ಯಾವುದು ಬೇಕಾದರೂ ಕೈಕೊಡಬಹುದು. ಹೆಚ್ಚಿನವರಲ್ಲಿ ರೋಗ ಉಲ್ಬಣಿಸುತ್ತದೆ, ಇಳಿಯುತ್ತದೆ, ಮತ್ತೆ ಎಂದೋ ಒಂದು ದಿನ ಮರಳುತ್ತದೆ. ಸಾಮಾನ್ಯವಾಗಿ ಇಪ್ಪತ್ತರಿಂದ ನಲವತ್ತರ ವಯಸ್ಸಿನಲ್ಲಿ, ಅಂದರೆ ಓದು ಮುಗಿದು ಉದ್ಯೋಗ, ಮದುವೆ, ಮಕ್ಕಳು ಎಂದು ಬದುಕು ರೂಪುಗೊಳ್ಳುವ ಕಾಲದಲ್ಲಿ ಇದು ಕಾಣಿಸಿಕೊಳ್ಳುತ್ತದೆ. ಗಂಡಸರಿಗಿಂತ ಹೆಂಗಸರಲ್ಲಿ ಎರಡು ಮೂರು ಪಟ್ಟು ಹೆಚ್ಚು. ಸಂಪೂರ್ಣ ಗುಣಪಡಿಸುವ ಮದ್ದು ಇಲ್ಲ. ಆದರೆ 1993ರಲ್ಲಿ ಅಮೆರಿಕದಲ್ಲಿ ಇಂಟರ್‌ಫೆರಾನ್ ಬೀಟಾಗೆ ಅನುಮತಿ ದೊರೆತಂದಿನಿಂದ ರೋಗದ ವೇಗ ತಗ್ಗಿಸುವ ಔಷಧಗಳು ಒಂದರ ಹಿಂದೆ ಒಂದು ಬಂದಿವೆ.

ಕಾಲು, ಕಣ್ಣುಗಳ ಬಗ್ಗೆ ಇಷ್ಟೆಲ್ಲ ನಮಗೆ ವೈದ್ಯರು ವಿವರಿಸಿದರು. ಮನಸ್ಸಿನ ಬಗ್ಗೆ ಒಂದು ಮಾತೂ ಬರಲಿಲ್ಲ. ನಾವೂ ಕೇಳಲಿಲ್ಲ. ಕುಟುಂಬದ ಹಿರಿಯನೆಂದು, ಸೋದರಮಾವನೆಂದು, ಮೇಲಾಗಿ ಅಧಿಕಾರಿಯೆಂದು ನನ್ನ ಸಲಹೆಗೆ ಮನೆಯಲ್ಲಿ ಬೆಲೆಯಿತ್ತು. ನಾನು ಎರಡು ಸಲಹೆ ಕೊಟ್ಟೆ. ಒಂದು, ಈ ವಿಷಯ ಹೊರಗೆ ಹೋಗಬಾರದು. ಮದುವೆಯಾಗದ ಹುಡುಗಿ, ಕಾಯಂ ಆಗದ ನೌಕರಿ. ಎರಡು, ಮನಸ್ಸು ಗಟ್ಟಿ ಮಾಡಿಕೊಳ್ಳಬೇಕು. ಎರಡೂ ತಪ್ಪು ಸಲಹೆಗಳೆಂದು ಅರಿಯಲು ನನಗೆ ಮೂರು ವರ್ಷ ಬೇಕಾಯಿತು.

ಮನಸ್ಸಿನ ಕುರಿತ ಈ ಮೌನ ಹೊಸದೇನಲ್ಲ. ಪ್ಯಾರಿಸ್ಸಿನ ಸಾಲ್‌ಪೆಟ್ರಿಯೇರ್ ಆಸ್ಪತ್ರೆಯಲ್ಲಿದ್ದ ಝಾನ್ ಮಾರ್ಟಿನ್ ಶಾರ್ಕೊ 1868ರಲ್ಲಿ ಈ ರೋಗವನ್ನು ಪ್ರತ್ಯೇಕವಾಗಿ ಗುರುತಿಸಿ ವಿವರಿಸಿದವನು. ಕಾರಣವಿಲ್ಲದ ನಗು, ಕಾರಣವಿಲ್ಲದ ಅಳು, ವಿಷಾದ ಇವುಗಳನ್ನೆಲ್ಲ ಆತ ಆಗಲೇ ಗಮನಿಸಿದ್ದ. ಅದೇ ಆಸ್ಪತ್ರೆಯಲ್ಲಿ ಆತ ಹಿಸ್ಟೀರಿಯಾ ಕುರಿತೂ ಸಂಶೋಧನೆ ನಡೆಸಿದ. ನಂತರದ ಬಹುಕಾಲ, ಒಂದು ದಿನ ಇದ್ದು ಇನ್ನೊಂದು ದಿನ ಇಲ್ಲವಾಗುವ ಲಕ್ಷಣಗಳೊಂದಿಗೆ ಬಂದ ಎಷ್ಟೋ ಹೆಂಗಸರಿಗೆ ಹಿಸ್ಟೀರಿಯಾ ಎಂಬ ಹಣೆಪಟ್ಟಿಯೇ ದೊರೆಯಿತು. ಮುಂದೆ 1926ರಲ್ಲಿ ಕಾಟ್ರೆಲ್ ಮತ್ತು ಕಿನ್ನಿಯರ್ ವಿಲ್ಸನ್ ನೂರು ರೋಗಿಗಳನ್ನು ಪರಿಶೀಲಿಸಿ, ಇವರಲ್ಲಿ ಹೆಚ್ಚಿನವರು ತಮ್ಮ ಸ್ಥಿತಿಗೆ ಹೊಂದದ ಒಂದು ಬಗೆಯ ಉಲ್ಲಾಸದಲ್ಲಿರುತ್ತಾರೆಂದು ಬರೆದರು. ಆ ಅಭಿಪ್ರಾಯ ಹಲವು ದಶಕಗಳ ಕಾಲ ಪಠ್ಯಪುಸ್ತಕಗಳಲ್ಲಿ ಉಳಿಯಿತು. ರೋಗಿ ಸಂತೋಷವಾಗಿದ್ದಾನೆಂದು ಪುಸ್ತಕವೇ ಹೇಳುವಾಗ ದುಃಖವಿದೆಯೇ ಎಂದು ಕೇಳುವವರು ಯಾರು?

ಇಂದಿನ ತಿಳಿವಳಿಕೆ ಇದಕ್ಕೆ ತದ್ವಿರುದ್ಧವಾಗಿದೆ. ಈ ರೋಗವಿರುವವರಲ್ಲಿ ಸರಿಸುಮಾರು ಅರ್ಧದಷ್ಟು ಮಂದಿ ಜೀವಿತದ ಒಂದಲ್ಲ ಒಂದು ಹಂತದಲ್ಲಿ ಚಿಕಿತ್ಸೆ ಬೇಕಾಗುವಷ್ಟು ತೀವ್ರ ಖಿನ್ನತೆಗೆ ಒಳಗಾಗುತ್ತಾರೆಂದು ವೈದ್ಯಕೀಯ ಸಾಹಿತ್ಯ ಹೇಳುತ್ತದೆ. ಯಾವುದೇ ಒಂದು ಸಮಯದಲ್ಲಿ ನೋಡಿದರೆ ನೂರಕ್ಕೆ ಸುಮಾರು ಮೂವತ್ತು ಮಂದಿಯಲ್ಲಿ ಖಿನ್ನತೆಯೂ ಇಪ್ಪತ್ತಕ್ಕೂ ಹೆಚ್ಚು ಮಂದಿಯಲ್ಲಿ ಆತಂಕದ ತೊಂದರೆಯೂ ಇರುತ್ತವೆ. ಆತ್ಮಹತ್ಯೆಯ ಅಪಾಯ ಸಾಮಾನ್ಯ ಜನರಿಗಿಂತ ಸುಮಾರು ಎರಡು ಪಟ್ಟು. ದುಃಖವೇ ಇಲ್ಲದೆ ಅಳು ಉಕ್ಕುವ, ತಮಾಷೆಯಿಲ್ಲದೆ ನಗು ಬರುವ ಸ್ಥಿತಿ ಹತ್ತರಲ್ಲಿ ಒಬ್ಬರಿಗೆ ಕಾಣಿಸಿಕೊಳ್ಳಬಹುದು. ಅದು ಖಿನ್ನತೆಯಲ್ಲ, ನರಮಾರ್ಗಗಳಿಗೆ ಪೆಟ್ಟು ಬಿದ್ದುದರ ಫಲ. ಅದಕ್ಕೆ ಚಿಕಿತ್ಸೆಯೂ ಇದೆ. ಶಿಬಿರದ ಆ ಹೆಣ್ಣುಮಗಳ ಅಳು ಯಾವ ಬಗೆಯದೆಂದು ಕೇಳುವ ಗೋಜಿಗೆ ನಮ್ಮಲ್ಲಿ ಯಾರೂ ಹೋಗಲಿಲ್ಲ.

‘ಇಂಥ ರೋಗ ಬಂದ ಮೇಲೆ ಬೇಸರವಾಗುವುದು ಸಹಜ, ಅದಕ್ಕೇನು ಚಿಕಿತ್ಸೆ?’ ಎಂಬ ಮಾತನ್ನು ವಿದ್ಯಾವಂತರ ಬಾಯಿಂದಲೂ ಕೇಳಿದ್ದೇನೆ, ಸ್ವತಃ ಆಡಿದ್ದೇನೆ. ಇದರಲ್ಲಿ ಎರಡು ದೋಷಗಳಿವೆ. ಮೊದಲನೆಯದಾಗಿ, ಈ ಖಿನ್ನತೆ ಕೇವಲ ಕೆಟ್ಟ ಸುದ್ದಿಗೆ ಮನಸ್ಸು ತೋರುವ ಪ್ರತಿಕ್ರಿಯೆಯಲ್ಲ. ಭಾವನೆಗಳನ್ನು ನಿಯಂತ್ರಿಸುವ ಮಿದುಳಿನ ಭಾಗಗಳಿಗೇ ರೋಗ ತಗಲಿರಬಹುದು. ರೋಗನಿರೋಧಕ ವ್ಯವಸ್ಥೆಯ ಉರಿಯೂತವೂ ಅದಕ್ಕೆ ಕಾರಣವಾಗಬಹುದು. ರೋಗ ಉಲ್ಬಣಿಸಿದಾಗ ಮೂರರಿಂದ ಐದು ದಿನ ನೀಡುವ ಸ್ಟೀರಾಯ್ಡ್ ನಿದ್ದೆಯನ್ನೂ ಮನಃಸ್ಥಿತಿಯನ್ನೂ ಏರುಪೇರು ಮಾಡಬಲ್ಲದು. ಎರಡನೆಯದಾಗಿ, ಸಹಜವಾದುದಕ್ಕೆ ಚಿಕಿತ್ಸೆ ಬೇಡವೆನ್ನುವುದು ತರ್ಕವಲ್ಲ. ಕಾಲು ಮುರಿದವನಿಗೆ ನೋವಾಗುವುದೂ ಸಹಜವೇ. ಆದರೆ ನೋವಿನ ಮಾತ್ರೆ ಬೇಡವೆಂದು ನಾವು ಹೇಳುವುದಿಲ್ಲ.

ಖಿನ್ನತೆ ಕಣ್ಣಿಗೆ ಬೀಳದಿರಲು ಇನ್ನೊಂದು ಕಾರಣವಿದೆ. ದಣಿವು, ನಿದ್ರಾಹೀನತೆ, ಏಕಾಗ್ರತೆ ಕುಗ್ಗುವುದು, ಮರೆವು ಇವು ಖಿನ್ನತೆಯ ಲಕ್ಷಣಗಳೂ ಹೌದು, ಮಲ್ಟಿಪಲ್ ಸ್ಕ್ಲೆರೋಸಿಸ್‌ನ ಲಕ್ಷಣಗಳೂ ಹೌದು. ಆದ್ದರಿಂದ ನರರೋಗ ತಜ್ಞರು ಅವನ್ನು ನರರೋಗದ ಖಾತೆಗೆ ಜಮಾ ಮಾಡುತ್ತಾರೆ. ಮನೆಯವರು ಸೋಮಾರಿತನದ ಖಾತೆಗೆ. ರೋಗದ ತೀವ್ರತೆಯನ್ನು ಅಳೆಯಲು ಜಗತ್ತಿನಾದ್ಯಂತ ಬಳಕೆಯಲ್ಲಿರುವುದು ಅಮೆರಿಕದ ನರವಿಜ್ಞಾನಿ ಜಾನ್ ಕರ್ಟ್‌ಸ್ಕೆ 1983ರಲ್ಲಿ ಪರಿಷ್ಕರಿಸಿದ, ಸೊನ್ನೆಯಿಂದ ಹತ್ತರವರೆಗಿನ ಮಾಪನ. ಅದರಲ್ಲಿ ನಾಲ್ಕರಿಂದಾಚೆಗಿನ ಅಂಕಗಳು ಬಹುಮಟ್ಟಿಗೆ ರೋಗಿ ಎಷ್ಟು ಮೀಟರ್ ನಡೆಯಬಲ್ಲ ಎಂಬುದನ್ನೇ ಆಧರಿಸಿವೆ. ಮನಃಸ್ಥಿತಿಯಲ್ಲಿ ಬದಲಾವಣೆ ಕಂಡರೆ ವೈದ್ಯರು ಗುರುತು ಹಾಕಿಕೊಳ್ಳಬಹುದು. ಆದರೆ ಅದರಿಂದ ಅಂಕ ಬದಲಾಗುವುದಿಲ್ಲ. ಅರ್ಥಶಾಸ್ತ್ರದ ವಿದ್ಯಾರ್ಥಿಯಾಗಿದ್ದ ನನಗೆ ಇದು ಹೊಸದೆನಿಸಲಿಲ್ಲ. ಮನೆಯಲ್ಲಿ ಹೆಂಗಸರು ಮಾಡುವ ದುಡಿಮೆ ರಾಷ್ಟ್ರೀಯ ವರಮಾನದ ಲೆಕ್ಕಕ್ಕೆ ಬರುವುದಿಲ್ಲ. ಲೆಕ್ಕಕ್ಕೆ ಬಾರದ್ದನ್ನು ಆಯವ್ಯಯ ಸಿದ್ಧಪಡಿಸುವವರು ಮರೆಯುತ್ತಾರೆ.

ನನ್ನ ಮೊದಲ ಸಲಹೆಯ ಪರಿಣಾಮ ಹೀಗಾಯಿತು. ರೋಗವನ್ನು ಗುಟ್ಟಾಗಿಟ್ಟ ಕಾರಣ ಆಕೆ ಕಾಲೇಜಿನಲ್ಲಿ ಏನನ್ನೂ ಕೇಳುವಂತಿರಲಿಲ್ಲ. ತರಗತಿಗಳು ಎರಡನೆಯ ಮಹಡಿಯಲ್ಲಿದ್ದವು. ಬಳ್ಳಾರಿಯ ಏಪ್ರಿಲ್ ಬಿಸಿಲು ಹೇಗಿರುತ್ತದೆಂದು ಬಲ್ಲವರೇ ಬಲ್ಲರು. ದೇಹದ ಉಷ್ಣಾಂಶ ಸ್ವಲ್ಪ ಏರಿದರೂ ಈ ರೋಗಿಗಳ ಲಕ್ಷಣಗಳು ತಾತ್ಕಾಲಿಕವಾಗಿ ಹೆಚ್ಚುತ್ತವೆ. ಜರ್ಮನಿಯ ನೇತ್ರವೈದ್ಯ ವಿಲ್‌ಹೆಲ್ಮ್ ಉಥಾಫ್ ಇದನ್ನು 1890ರಲ್ಲೇ ದಾಖಲಿಸಿದ್ದಾನೆ. ಕರೆಂಟು ಹೋದ ಕೊಠಡಿಯಲ್ಲಿ ಮೂರು ಗಂಟೆ ಪರೀಕ್ಷಾ ಮೇಲ್ವಿಚಾರಣೆ ಮಾಡುವಾಗ ಆಕೆಯ ಕಣ್ಣು ಕತ್ತಲಿಡುತ್ತಿತ್ತು, ಕಾಲು ಎಳೆಯುತ್ತಿತ್ತು. ಪಾಠದ ನಡುವೆ ಪದಗಳು ನೆನಪಿಗೆ ಬಾರದೆ ನಿಂತುಬಿಡುತ್ತಿದ್ದಳು. ವಿದ್ಯಾರ್ಥಿಗಳು ದೂರಿದರು, ಮೆಮೊ ಬಂತು. ಉತ್ತರ ಬರೆದುಕೊಟ್ಟವನು ನಾನೇ. ‘ಕೌಟುಂಬಿಕ ಕಾರಣಗಳಿಂದ’ ಎಂಬ ಎರಡು ಪದಗಳಲ್ಲಿ ಇಡೀ ರೋಗವನ್ನು ಅಡಗಿಸಿದೆ. ನಿವೃತ್ತಿಯ ಅಂಚಿನಲ್ಲಿದ್ದ ನನಗೆ ಅಂಥ ಟಿಪ್ಪಣಿ ಬರೆಯುವುದು ಕಷ್ಟವೇನೂ ಆಗಿರಲಿಲ್ಲ.

ಎರಡನೆಯ ಸಲಹೆಯ ಪರಿಣಾಮ ಇದಕ್ಕಿಂತ ಘೋರವಾಗಿತ್ತು. ಮನಸ್ಸು ಗಟ್ಟಿ ಮಾಡಿಕೊ ಎಂದು ಪ್ರತಿ ಸಲ ಫೋನಿನಲ್ಲಿ ಹೇಳುತ್ತಿದ್ದೆ. ಆಕೆ ‘ಆಗಲಿ ಮಾವ’ ಎನ್ನುತ್ತಿದ್ದಳು. 2019ರಲ್ಲಿ ಮನೆಗೆ ಬರುತ್ತಿದ್ದ ಫಿಸಿಯೋಥೆರಪಿಯ ಯುವಕನೊಬ್ಬ, ಕಾಲಿನ ವ್ಯಾಯಾಮ ಮಾಡಿಸುತ್ತ, ‘ಅಕ್ಕಾ, ನಿದ್ದೆ ಬರುತ್ತದೆಯೇ? ಯಾವುದರಲ್ಲಾದರೂ ಆಸಕ್ತಿ ಇದೆಯೇ?’ ಎಂದು ಕೇಳಿದನಂತೆ. ಮೂರು ವರ್ಷಗಳಲ್ಲಿ ಆ ಪ್ರಶ್ನೆ ಕೇಳಿದ ಮೊದಲ ವ್ಯಕ್ತಿ ಆತ. ಆಗ ಹೊರಬಿದ್ದ ಸತ್ಯವೆಂದರೆ, ರೋಗದ ಚುಚ್ಚುಮದ್ದನ್ನು ಆಕೆ ನಾಲ್ಕು ತಿಂಗಳಿಂದ ತೆಗೆದುಕೊಂಡೇ ಇರಲಿಲ್ಲ. ತಾನು ಇರುವುದರಿಂದ ತಾಯಿಗೆ ಭಾರ ಎಂಬ ಯೋಚನೆ ಅಷ್ಟು ದಿನಗಳಿಂದ ಅವಳನ್ನು ಬಿಟ್ಟಿರಲಿಲ್ಲ. ಆತ ಅಂದೇ ಸಂಜೆ ನನ್ನ ತಂಗಿಗೆ ತಿಳಿಸಿದ. ಮರುದಿನ ನಾನು ಬಳ್ಳಾರಿಯಲ್ಲಿದ್ದೆ. ‘ನನಗೇಕೆ ಹೇಳಲಿಲ್ಲ?’ ಎಂದು ಕೇಳಿದೆ. ‘ಗಟ್ಟಿಯಾಗಿರು ಎಂದಿದ್ದಿರಲ್ಲ ಮಾವ, ಇದ್ದೆ’ ಎಂದಳು.

ಇಲ್ಲಿ ಆರ್ಥಿಕ ತರ್ಕವೊಂದನ್ನು ಮುಂದಿಡಬಯಸುತ್ತೇನೆ. ಮನಸ್ಸಿನ ಚಿಕಿತ್ಸೆ ಹೆಚ್ಚುವರಿ ವೆಚ್ಚವೆಂದು ಆಡಳಿತಗಾರರು ಭಾವಿಸುತ್ತಾರೆ. ಆದರೆ ಮಲ್ಟಿಪಲ್ ಸ್ಕ್ಲೆರೋಸಿಸ್‌ನ ಔಷಧಗಳಿಗೆ ಕುಟುಂಬವೊಂದು ವರ್ಷಕ್ಕೆ ಲಕ್ಷಗಟ್ಟಲೆ ವ್ಯಯಿಸುತ್ತಿರುವಾಗ, ಖಿನ್ನತೆಯ ಕಾರಣದಿಂದ ರೋಗಿ ಅದನ್ನು ನಿಲ್ಲಿಸಿದರೆ ಆ ಹಣವೂ ಅದರಿಂದ ಉಳಿಯಬಹುದಾಗಿದ್ದ ಆರೋಗ್ಯವೂ ವ್ಯರ್ಥ. ಖಿನ್ನತೆಗೆ ಚಿಕಿತ್ಸೆ ದೊರೆತ ರೋಗಿಗಳು ಇಂಟರ್‌ಫೆರಾನ್ ಮುಂದುವರಿಸುವ ಸಾಧ್ಯತೆ ಹೆಚ್ಚೆಂಬುದನ್ನು ಅಮೆರಿಕದ ಮನೋವಿಜ್ಞಾನಿ ಡೇವಿಡ್ ಮೋರ್ ಮತ್ತವರ ಸಂಗಡಿಗರು 1990ರ ದಶಕದಲ್ಲೇ ತೋರಿಸಿದ್ದಾರೆ. ದುಬಾರಿಯಾದ ಚಿಕಿತ್ಸೆಯ ಫಲ ಅಗ್ಗವಾದ ಚಿಕಿತ್ಸೆಯನ್ನು ಅವಲಂಬಿಸಿರುವಾಗ ಅಗ್ಗವಾದುದನ್ನು ಕೈಬಿಡುವುದು ಮಿತವ್ಯಯವಲ್ಲ. ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ತನ್ನ ಅಗತ್ಯ ಔಷಧಗಳ ಪಟ್ಟಿಗೆ ಈ ರೋಗದ ಮೂರು ಔಷಧಗಳಾದ ಕ್ಲಾಡ್ರಿಬಿನ್, ಗ್ಲಾಟಿರಾಮರ್ ಅಸಿಟೇಟ್ ಮತ್ತು ರಿಟುಕ್ಸಿಮ್ಯಾಬ್‌ಗಳನ್ನು ಸೇರಿಸಿತು. ಖಿನ್ನತೆಯ ಸಾಮಾನ್ಯ ಮಾತ್ರೆಗಳು ಆ ಪಟ್ಟಿಯಲ್ಲಿ ಬಹಳ ಹಿಂದಿನಿಂದಲೂ ಇವೆ. ಇವೆರಡನ್ನೂ ಒಂದೇ ಚೀಟಿಯಲ್ಲಿ ಬರೆಯುವ ರೂಢಿ ಮಾತ್ರ ನಮ್ಮಲ್ಲಿ ಬೆಳೆಯಬೇಕಾಗಿದೆ.

ಅಮರ್ತ್ಯ ಸೇನ್ ಅಂಗವೈಕಲ್ಯದ ಚರ್ಚೆಯಲ್ಲಿ ಎರಡು ಬಗೆಯ ಕೊರತೆಗಳನ್ನು ಬೇರ್ಪಡಿಸುತ್ತಾರೆ. ಒಂದು ಗಳಿಸುವ ಸಾಮರ್ಥ್ಯದ ಕೊರತೆ. ಇನ್ನೊಂದು, ಗಳಿಸಿದ್ದನ್ನು ನೆಮ್ಮದಿಯ ಬದುಕನ್ನಾಗಿ ಪರಿವರ್ತಿಸಿಕೊಳ್ಳುವ ಸಾಮರ್ಥ್ಯದ ಕೊರತೆ. ಒಂದೇ ಸಂಬಳದಲ್ಲಿ ನನ್ನ ಸೊಸೆ ಆಟೊ ಬಾಡಿಗೆ, ಫಿಸಿಯೋಥೆರಪಿ, ಕೂಲರು, ಎಂಆರ್‌ಐ, ಬೆಂಗಳೂರಿಗೆ ರಾತ್ರಿ ರೈಲು ಎಲ್ಲವನ್ನೂ ನಿಭಾಯಿಸಬೇಕು. ಆಕೆಯ ಸಹೋದ್ಯೋಗಿಗೆ ಈ ಖರ್ಚುಗಳಿಲ್ಲ. ಖಿನ್ನತೆ ಇವೆರಡೂ ಕೊರತೆಗಳನ್ನು ಒಟ್ಟಿಗೆ ಹಿಗ್ಗಿಸುತ್ತದೆ.

ಕಾನೂನು ಏನೂ ಮಾಡಿಲ್ಲವೆಂದಲ್ಲ. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಅಧಿನಿಯಮ ಏಳರ ಬದಲು ಇಪ್ಪತ್ತೊಂದು ಬಗೆಯ ಅಂಗವೈಕಲ್ಯಗಳನ್ನು ಗುರುತಿಸಿತು. ದೀರ್ಘಕಾಲೀನ ನರಸಂಬಂಧಿ ತೊಂದರೆಗಳ ಅಡಿಯಲ್ಲಿ ಮಲ್ಟಿಪಲ್ ಸ್ಕ್ಲೆರೋಸಿಸ್ ಮತ್ತು ಪಾರ್ಕಿನ್ಸನ್ ಕಾಯಿಲೆಗಳನ್ನು ಹೆಸರಿಟ್ಟು ಸೇರಿಸಿತು. ಮಾನಸಿಕ ಅಸ್ವಾಸ್ಥ್ಯವೂ ಪಟ್ಟಿಯಲ್ಲಿದೆ. ಸೇವೆಯಲ್ಲಿರುವಾಗ ಅಂಗವೈಕಲ್ಯ ಉಂಟಾದ ನೌಕರನನ್ನು ವಜಾ ಮಾಡುವಂತಿಲ್ಲ, ಹಿಂಬಡ್ತಿ ನೀಡುವಂತಿಲ್ಲ. ಇರುವ ಹುದ್ದೆ ಸಾಧ್ಯವಾಗದಿದ್ದರೆ ಅದೇ ವೇತನದಲ್ಲಿ ಬೇರೆ ಹುದ್ದೆಗೆ, ಅದೂ ಇಲ್ಲದಿದ್ದರೆ ಸಂಖ್ಯಾತೀತ ಹುದ್ದೆಗೆ ನೇಮಿಸಬೇಕೆಂದು 20ನೇ ಸೆಕ್ಷನ್ ಹೇಳುತ್ತದೆ. ಆದರೆ ಈ ರಕ್ಷಣೆ ಸರ್ಕಾರದ ಹಾಗೂ ಸರ್ಕಾರದ ನೆರವು ಪಡೆಯುವ ಸಂಸ್ಥೆಗಳಿಗೆ ಸೀಮಿತ. ನನ್ನ ಸೊಸೆ ದುಡಿಯುವಂಥ ಅನುದಾನರಹಿತ ಕಾಲೇಜು ಅದರ ಹೊರಗಿದೆ. ಉದ್ಯೋಗದಲ್ಲಿ ಶೇ 4ರ ಮೀಸಲಾತಿ ಕಲ್ಪಿಸುವ 34ನೇ ಸೆಕ್ಷನ್ನಿನ ಪಟ್ಟಿಯಲ್ಲಿ ಮಲ್ಟಿಪಲ್ ಸ್ಕ್ಲೆರೋಸಿಸ್ ಹೆಸರಿಲ್ಲ. ಒಂದೆಡೆ ಗುರುತಿಸಿ ಇನ್ನೊಂದೆಡೆ ಕೈಬಿಡುವ ಈ ಬಗೆಯ ಶಾಸನ ರಚನೆಯನ್ನು ನಾನು ಸೇವೆಯಲ್ಲಿದ್ದಾಗ ಬೇಕಾದಷ್ಟು ಕಂಡಿದ್ದೇನೆ.

ಇದಕ್ಕಿಂತ ಆಳವಾದ ತೊಡಕು ಬೇರೆಯೇ ಇದೆ. ಕಾನೂನು ನೀಡುವ ಪ್ರತಿಯೊಂದು ಸವಲತ್ತೂ ರೋಗವನ್ನು ಬಹಿರಂಗಪಡಿಸಿದ ನಂತರವೇ ದೊರೆಯುವಂಥದ್ದು. ಸಮಾಜವಾದರೋ ಬಹಿರಂಗಪಡಿಸಿದವರನ್ನು ದಂಡಿಸುತ್ತದೆ. ಸಂಬಂಧಗಳು ಮುರಿಯುತ್ತವೆ, ಗುತ್ತಿಗೆ ನವೀಕರಣವಾಗುವುದಿಲ್ಲ, ಮದುವೆಯಾದ ಹೆಣ್ಣನ್ನು ತವರಿಗೆ ಬಿಟ್ಟುಬರುತ್ತಾರೆ. ಹೀಗಾಗಿ ಹಕ್ಕು ಇದ್ದೂ ಕೇಳುವವರಿಲ್ಲ; ಕೇಳುವವರಿಲ್ಲವೆಂಬ ಕಾರಣಕ್ಕೆ ಸಮಸ್ಯೆಯೇ ಇಲ್ಲವೆಂದು ಕಡತ ಮುಕ್ತಾಯವಾಗುತ್ತದೆ. ದೈಹಿಕ ರೋಗದ ಮೇಲೆ ಮಾನಸಿಕ ಚಿಕಿತ್ಸೆಯೂ ಸೇರಿದರೆ ಮುಚ್ಚಿಡುವ ಒತ್ತಡ ಇಮ್ಮಡಿ. ಒಂಟಿತನ ಹುಟ್ಟುವುದು ಇಲ್ಲಿಂದಲೇ.

ಮಾನಸಿಕ ಆರೋಗ್ಯದ ವಿಷಯದಲ್ಲಿ ಕರ್ನಾಟಕಕ್ಕೆ ಹೆಮ್ಮೆಪಡುವಂಥ ಇತಿಹಾಸವಿದೆ. 1980ರ ದಶಕದ ಮಧ್ಯಭಾಗದಲ್ಲಿ ನಿಮ್ಹಾನ್ಸ್ ಬಳ್ಳಾರಿ ಜಿಲ್ಲೆಯಲ್ಲೇ ಒಂದು ಪ್ರಯೋಗ ಕೈಗೊಂಡಿತು. ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೂ ಆರೋಗ್ಯ ಕಾರ್ಯಕರ್ತರಿಗೂ ತರಬೇತಿ ಕೊಟ್ಟು, ಮಾನಸಿಕ ಚಿಕಿತ್ಸೆಯನ್ನು ಹಳ್ಳಿಯವರೆಗೆ ಒಯ್ಯಬಹುದೆಂದು ತೋರಿಸಿತು. ಆ ‘ಬಳ್ಳಾರಿ ಮಾದರಿ’ಯನ್ನೇ ಆಧರಿಸಿ ಕೇಂದ್ರ ಸರ್ಕಾರ 1996ರಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವನ್ನು ಆರಂಭಿಸಿತು. ದೇಶಕ್ಕೆ ದಾರಿ ತೋರಿದ ಅದೇ ಜಿಲ್ಲೆಯಲ್ಲಿ ಮೂರು ದಶಕಗಳ ನಂತರ ವಿದ್ಯಾವಂತ ಅಧ್ಯಾಪಕಿಯೊಬ್ಬಳು ಮೂರು ವರ್ಷ ಯಾರ ಕಣ್ಣಿಗೂ ಬೀಳದೆ ಬಳಲಿದಳು. ನಿಮ್ಹಾನ್ಸ್ ನೇತೃತ್ವದಲ್ಲಿ 2015–16ರಲ್ಲಿ ನಡೆದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆ, ಬೇರೆ ಬೇರೆ ಮಾನಸಿಕ ತೊಂದರೆಗಳಿರುವವರಲ್ಲಿ ನೂರಕ್ಕೆ 70ರಿಂದ 92 ಮಂದಿಗೆ ಚಿಕಿತ್ಸೆ ದೊರೆಯುತ್ತಿಲ್ಲವೆಂದು ಹೇಳಿತ್ತು. ಮಾನಸಿಕ ರೋಗವೊಂದೇ ಇದ್ದವರ ಗತಿ ಹೀಗಿರುವಾಗ, ಅದು ಇನ್ನೊಂದು ರೋಗದ ಮರೆಯಲ್ಲಿ ಕುಳಿತಿರುವವರ ಗತಿಯನ್ನು ಊಹಿಸಬಹುದು.

ಇಷ್ಟು ವಿರಳವಾದ ರೋಗಕ್ಕೆ ಸರ್ಕಾರ ಏಕೆ ತಲೆ ಕೆಡಿಸಿಕೊಳ್ಳಬೇಕೆಂಬ ಪ್ರಶ್ನೆ ನ್ಯಾಯವಾದುದೇ. ಮಂಗಳೂರು ನಗರದಲ್ಲಿ ನಡೆದು 2014ರಲ್ಲಿ ಪ್ರಕಟವಾದ ಅಧ್ಯಯನವೊಂದು ಲಕ್ಷ ಜನರಲ್ಲಿ ಸುಮಾರು ಎಂಟು ಮಂದಿಗೆ ಈ ರೋಗವಿದೆಯೆಂದು ಅಂದಾಜಿಸಿತು. ಅದೇ ಪ್ರಮಾಣವನ್ನು 2011ರ ಜನಗಣತಿಯ 6.11 ಕೋಟಿ ಜನಸಂಖ್ಯೆಗೆ ಅನ್ವಯಿಸಿದರೆ ರಾಜ್ಯದಲ್ಲಿ ಐದು ಸಾವಿರದ ಹತ್ತಿರ, ಇಡೀ ದೇಶದಲ್ಲಿ ಒಂದು ಲಕ್ಷಕ್ಕೆ ಸಮೀಪ. ಹೊಸ ಆಸ್ಪತ್ರೆ ಕಟ್ಟಲು ಇದು ಸಾಲದು ಎನ್ನಬಹುದು. ಆದರೆ ನಾನು ಹೊಸ ಆಸ್ಪತ್ರೆಯನ್ನಾಗಲಿ ಹೊಸ ನಿರ್ದೇಶನಾಲಯವನ್ನಾಗಲಿ ಕೇಳುತ್ತಿಲ್ಲ. ಪಾರ್ಶ್ವವಾಯು, ಪಾರ್ಕಿನ್ಸನ್, ಅಪಸ್ಮಾರ ಈ ಎಲ್ಲ ನರರೋಗಗಳಲ್ಲೂ ಖಿನ್ನತೆ ಹೀಗೆಯೇ ಅಡಗಿರುತ್ತದೆ. ಒಂದಕ್ಕಾಗಿ ತೆರೆದ ಬಾಗಿಲು ಎಲ್ಲರಿಗೂ ಉಪಯೋಗಕ್ಕೆ ಬರುತ್ತದೆ.

ಮೊದಲು ಆಗಬೇಕಾದ್ದು, ನರರೋಗ ಚಿಕಿತ್ಸಾಲಯದ ಪ್ರತಿ ಭೇಟಿಯಲ್ಲೂ ಎರಡು ಪ್ರಶ್ನೆಗಳನ್ನು ಕೇಳಿ ಉತ್ತರವನ್ನು ರೋಗಿಯ ಕಡತದಲ್ಲಿ ದಾಖಲಿಸುವುದು. ಕಳೆದ ಎರಡು ವಾರಗಳಲ್ಲಿ ಮನಸ್ಸು ಕುಗ್ಗಿದೆಯೇ? ಮೊದಲು ಇಷ್ಟವಾಗುತ್ತಿದ್ದ ಕೆಲಸಗಳಲ್ಲಿ ಆಸಕ್ತಿ ಕಡಿಮೆಯಾಗಿದೆಯೇ? ಇಂಥ ಎರಡು ಪ್ರಶ್ನೆಗಳ ಪರೀಕ್ಷೆಯನ್ನು ಈ ರೋಗಿಗಳಿಗೆ ಬಳಸುವುದನ್ನು ಪರಿಗಣಿಸಬಹುದೆಂದು ಅಮೆರಿಕದ ನರವಿಜ್ಞಾನ ಅಕಾಡೆಮಿ 2014ರ ಮಾರ್ಗಸೂಚಿಯಲ್ಲಿ ಹೇಳಿದೆ. ಇದಕ್ಕೆ ತಜ್ಞರು ಬೇಡ, ಯಂತ್ರ ಬೇಡ. ಶುಶ್ರೂಷಕಿ ಕೇಳಿದರೂ ಸಾಕು.

ಎರಡನೆಯದು, ಉತ್ತರ ‘ಹೌದು’ ಎಂದಾಗ ಮುಂದೆ ಎಲ್ಲಿಗೆ ಹೋಗಬೇಕೆಂಬುದು ಸ್ಪಷ್ಟವಿರಬೇಕು. ನಿಮ್ಹಾನ್ಸ್ ಸಹಯೋಗದಲ್ಲಿ ರಾಜ್ಯ ಸರ್ಕಾರ 2022ರ ಜನವರಿಯಲ್ಲಿ ಆರಂಭಿಸಿದ ಕರ್ನಾಟಕ ಮಿದುಳು ಆರೋಗ್ಯ ಉಪಕ್ರಮ ಪ್ರಾಥಮಿಕ ಹಂತದ ವೈದ್ಯರಿಗೆ ಪಾರ್ಶ್ವವಾಯು, ಅಪಸ್ಮಾರ, ತಲೆನೋವು, ಮರೆಗುಳಿತನ ಕುರಿತು ತರಬೇತಿ ನೀಡಲು ಹೊರಟಿತು. ಮಲ್ಟಿಪಲ್ ಸ್ಕ್ಲೆರೋಸಿಸ್ ಅನ್ನೂ ಅದರೊಂದಿಗೆ ಮನಸ್ಸಿನ ತಪಾಸಣೆಯನ್ನೂ ಆ ತರಬೇತಿಗೆ ಸೇರಿಸಲು ಒಂದು ಸುತ್ತೋಲೆ ಸಾಕು. ಜಿಲ್ಲಾ ಆಸ್ಪತ್ರೆಯಲ್ಲಿ ನರರೋಗದ ಕೊಠಡಿ ಒಂದು ಕಟ್ಟಡದಲ್ಲಿ, ಮಾನಸಿಕ ಚಿಕಿತ್ಸೆ ಇನ್ನೊಂದರಲ್ಲಿ, ನಡುವೆ ಹೊಸ ಚೀಟಿ ಮಾಡಿಸುವ ಸಾಲು ಎಂಬ ವ್ಯವಸ್ಥೆ ಕಾಲೆಳೆಯುವ ರೋಗಿಗೆ ಶಿಕ್ಷೆಯೇ ಸರಿ.

ಮೂರನೆಯದು, ದೂರವಾಣಿಯ ಬಳಕೆ. ಹದಿನಾರು ವಾರಗಳ ಕಾಲ ಫೋನಿನಲ್ಲಿ ನೀಡಿದ ಆಪ್ತಸಮಾಲೋಚನೆ ಈ ರೋಗಿಗಳ ಖಿನ್ನತೆಯನ್ನು ತಗ್ಗಿಸುವ ಸಾಧ್ಯತೆಯಿದೆಯೆಂದು ಮೇಲೆ ಹೇಳಿದ ಮಾರ್ಗಸೂಚಿ ಗುರುತಿಸಿದೆ. ನಮ್ಮ ಅನುಭವವೂ ಹಾಗೆಯೇ. ಮನೋವೈದ್ಯರು ಮಾತ್ರೆ ಕೊಟ್ಟರು; ಮನಶ್ಶಾಸ್ತ್ರಜ್ಞೆಯೊಬ್ಬರು ವಾರಕ್ಕೊಮ್ಮೆ ಮಾತನಾಡುತ್ತಿದ್ದರು. 2020ರ ಲಾಕ್‌ಡೌನ್‌ನಲ್ಲಿ ಅದು ಫೋನಿಗೆ ವರ್ಗವಾಯಿತು. ಬಿಸಿಲಿನಲ್ಲಿ ಆಟೊ ಹಿಡಿದು ಹೋಗುವ ದಣಿವು ತಪ್ಪಿ ಆಕೆಗೆ ಅದೇ ಹೆಚ್ಚು ಅನುಕೂಲವಾಯಿತು. 2022ರ ಅಕ್ಟೋಬರ್‌ನಲ್ಲಿ ಆರಂಭವಾದ ಟೆಲಿ ಮಾನಸ್ ಸೇವೆಗೆ ನಿಮ್ಹಾನ್ಸ್ ಮುಖ್ಯ ಕೇಂದ್ರ. 14416 ಸಂಖ್ಯೆಗೆ ಕರೆ ಮಾಡಿದರೆ ಕನ್ನಡದಲ್ಲೇ ಮಾತನಾಡಬಹುದು. ಅಲ್ಲಿನ ಆಪ್ತಸಮಾಲೋಚಕರಿಗೆ ದೀರ್ಘಕಾಲೀನ ನರರೋಗಗಳ ಕುರಿತು ವಿಶೇಷ ತರಬೇತಿ ಕೊಟ್ಟರೆ ರಾಜ್ಯದ ಯಾವುದೇ ಮೂಲೆಯ ರೋಗಿಗೆ ಅದು ಆಸರೆಯಾಗುತ್ತದೆ.

ನಾಲ್ಕನೆಯದು, ಉದ್ಯೋಗ. ನೆಲಮಹಡಿಯ ಕೊಠಡಿ, ಕಿಟಕಿಯ ಪಕ್ಕ ಒಂದು ಕೂಲರು, ಮಧ್ಯಾಹ್ನದ ಬದಲು ಬೆಳಗಿನ ತರಗತಿ, ನಡುವೆ ಅರ್ಧ ಗಂಟೆ ವಿಶ್ರಾಂತಿ ಇವಕ್ಕೆ ತಗಲುವ ವೆಚ್ಚ ಅನುಭವಿ ಅಧ್ಯಾಪಕಿಯೊಬ್ಬಳನ್ನು ಕಳೆದುಕೊಂಡು ಹೊಸಬರನ್ನು ತಯಾರು ಮಾಡುವ ವೆಚ್ಚಕ್ಕೆ ಹೋಲಿಸಿದರೆ ನಗಣ್ಯ. ಸೇವಾ ರಕ್ಷಣೆಯ ನಿಯಮ ಖಾಸಗಿ ಶಿಕ್ಷಣ ಸಂಸ್ಥೆಗಳಿಗೂ ವಿಸ್ತರಿಸಬೇಕು. ವೈದ್ಯಕೀಯ ಮಾಹಿತಿ ಒಬ್ಬ ಅಧಿಕಾರಿಯ ಕಪಾಟಿನಾಚೆ ಹೋಗದೆಂಬ ಖಾತರಿಯೂ ಜೊತೆಗಿರಬೇಕು. ಆಗಷ್ಟೇ ಜನ ಬಾಯಿಬಿಡುತ್ತಾರೆ. ವಿಮೆಯ ವಿಷಯದಲ್ಲಿ, ದೈಹಿಕ ಕಾಯಿಲೆಗೆ ಸಮನಾಗಿ ಮಾನಸಿಕ ಕಾಯಿಲೆಗೂ ಸೌಲಭ್ಯವಿರಬೇಕೆಂದು 2017ರ ಮಾನಸಿಕ ಆರೋಗ್ಯ ಕಾಯ್ದೆ ಸ್ಪಷ್ಟವಾಗಿ ಹೇಳಿದೆ. ಪಾಲಿಸಿ ಪತ್ರದ ಸಣ್ಣ ಅಕ್ಷರಗಳು ಆ ಮಾತನ್ನು ನುಂಗದಂತೆ ನೋಡಿಕೊಳ್ಳುವುದು ನಿಯಂತ್ರಕರ ಹೊಣೆ.

ಕೊನೆಯದು ಯಾವ ಸರ್ಕಾರವೂ ಮಾಡಿಕೊಡಲಾಗದ ಕೆಲಸ. ನನ್ನಂಥ ಹಿರಿಯರಿಗೆ ಸೇರಿದ್ದು. ಮನೆಯಲ್ಲಿ ಒಬ್ಬರಿಗೆ ಇಂಥ ರೋಗ ಬಂದಾಗ ಸಲಹೆ ಕೊಡುವ ಮೊದಲು ನಾವು ಕೇಳಿಸಿಕೊಳ್ಳಬೇಕು. ಆರೈಕೆ ಮಾಡುವವರನ್ನೂ ಕೇಳಬೇಕು. ನನ್ನ ತಂಗಿಯೂ ಆ ಮೂರು ವರ್ಷ ರಾತ್ರಿ ಸರಿಯಾಗಿ ನಿದ್ದೆ ಮಾಡಿರಲಿಲ್ಲವೆಂಬುದು ನನಗೆ ತಿಳಿದದ್ದು ಮಗಳ ವಿಷಯ ಹೊರಬಂದ ಮೇಲೆ. ಮುಂಬೈಯಲ್ಲಿ 1985ರಲ್ಲಿ ಆರಂಭವಾದ ಮಲ್ಟಿಪಲ್ ಸ್ಕ್ಲೆರೋಸಿಸ್ ಸೊಸೈಟಿ ಆಫ್ ಇಂಡಿಯಾಕ್ಕೆ ಬೆಂಗಳೂರಿನಲ್ಲೂ ಶಾಖೆಯಿದೆ. ಅದೇ ರೋಗದೊಂದಿಗೆ ಹತ್ತಿಪ್ಪತ್ತು ವರ್ಷ ಬಾಳಿದವರೊಡನೆ ಒಂದು ಗಂಟೆ ಮಾತನಾಡಿದ್ದು ನನ್ನ ಸೊಸೆಗೆ ನನ್ನ ಮೂರು ವರ್ಷಗಳ ಉಪದೇಶಕ್ಕಿಂತ ಹೆಚ್ಚು ಪ್ರಯೋಜನಕ್ಕೆ ಬಂತು. ಗುಟ್ಟಾಗಿಟ್ಟುಕೊಂಡಿದ್ದರೆ ಆ ಒಂದು ಗಂಟೆಯೂ ಇರುತ್ತಿರಲಿಲ್ಲ.

ಆಕೆ ಈಗಲೂ ಅದೇ ಕಾಲೇಜಿನಲ್ಲಿ ಪಾಠ ಮಾಡುತ್ತಿದ್ದಾಳೆ. ಪ್ರಾಂಶುಪಾಲರಿಗೆ ವಿಷಯ ತಿಳಿಸಲು ಧೈರ್ಯ ಮಾಡಿದ ವರ್ಷವೇ ತರಗತಿ ನೆಲಮಹಡಿಗೆ ಬಂತು; ಇಷ್ಟಕ್ಕಾಗಿ ಮೂರು ವರ್ಷ ಕಾಯಬೇಕಾಗಿರಲಿಲ್ಲ. ಕಾಯಿಲೆ ಹೋಗಿಲ್ಲ. ಕೈಗೋಲು ಬಂದಿದೆ. ಚುಚ್ಚುಮದ್ದಿನ ಜೊತೆ ಮನಸ್ಸಿನ ಮಾತ್ರೆಯೂ ಕೆಲವು ಕಾಲ ಇತ್ತು, ನಿಂತಿತು, ಒಮ್ಮೆ ಮತ್ತೆ ಬೇಕಾಯಿತು. ಅದನ್ನು ಸೋಲೆಂದು ನಮ್ಮ ಮನೆಯಲ್ಲಿ ಈಗ ಯಾರೂ ಭಾವಿಸುವುದಿಲ್ಲ. ಈ ಲೇಖನವನ್ನು ಕಳುಹಿಸುವ ಮೊದಲು ಆಕೆಗೆ ಓದಲು ಕೊಟ್ಟೆ. ಹೆಸರು ಬೇಡ, ಉಳಿದುದೆಲ್ಲ ಇರಲಿ ಎಂದಳು. ಕಾಯಿಲೆಯ ವಿವರಣೆಯಲ್ಲಿ ಎರಡು ತಪ್ಪುಗಳನ್ನು ತಿದ್ದಿದಳು. ಆ ದೂರವಾಣಿ ಸಂಖ್ಯೆಯನ್ನು ಮರೆಯದೆ ಅಚ್ಚು ಮಾಡಿಸಬೇಕೆಂದು ಹೇಳಿದಳು. ಮಾಡಿಸಿದ್ದೇನೆ.